ಸಾಸಿವೆಯ ಬಳಗದ ಕಳೆ, ರೈತರ ಮನೆಯ ಬೀಜ

ಒಗ್ಗರಣೆಗೆ ಹಾಕುವ ಸಾಸಿವೆಯ ಬಳಗದಲ್ಲಿ ಅರಾಬಿಡಾಪ್ಸಿಸ್ ಎಂಬ ಕಳೆಗಿಡವೊಂದಿದೆ. ಎತ್ತರ ಸಾಮಾನ್ಯವಾಗಿ ಸುಮಾರು ಒಂದು ಗೇಣು. ಮಾರುಕಟ್ಟೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಆದರೆ ಪ್ರಯೋಗಾಲಯದಲ್ಲಿ ಇದಕ್ಕಿರುವ ಮರ್ಯಾದೆ ಬೇರೆ ಯಾವ ಗಿಡಕ್ಕೂ ಇಲ್ಲ.

ಯಾಕೆ ಇದೇ ಬೇಕು? ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ತೊಗರಿ ಬಿತ್ತಿದರೆ ರಾಶಿ ಮಾಡೋಕೆ ಐದಾರು ತಿಂಗಳು ಕಾಯಬೇಕು. ಈ ಗಿಡ ಬೀಜದಿಂದ ಬೀಜಕ್ಕೆ ಬರಲು ಆರರಿಂದ ಎಂಟು ವಾರ ಸಾಕು. ಟ್ಯೂಬ್‌ಲೈಟ್ ಹಾಕಿದ ಕಪಾಟಿನಲ್ಲೇ ಬೆಳೆಯುತ್ತೆ, ಒಂದೊಂದು ಗಿಡ ಸಾವಿರಾರು ಬೀಜ ಕೊಡುತ್ತೆ. ಕ್ರೋಮೋಸೋಮ್ ಬರೀ ಐದು ಜೊತೆ. ಸುಮಾರು 13.5 ಕೋಟಿ ಅಕ್ಷರಗಳ ಇದರ ಡಿಎನ್‌ಎಯನ್ನು 2000ರಲ್ಲಿ ಓದಿದರು. ಗಿಡಗಳಲ್ಲಿ ಅದೇ ಮೊದಲು. ಗೋಧಿಯ ಡಿಎನ್‌ಎ ಇದರ ನೂರು ಪಟ್ಟಿಗೂ ಹೆಚ್ಚು!

ನಾವು ಸಾಫ್ಟ್‌ವೇರ್‌ನವರು ಕೋಡಿನ ಒಂದು ಸಾಲು ತೆಗೆದು ಏನು ನಿಲ್ಲುತ್ತೆ ಅಂತ ನೋಡುವ ಹಾಗೆ, ವಿಜ್ಞಾನಿಗಳು ಇದರ ಒಂದೊಂದೇ ಜೀನ್ ಕೆಡಿಸಿ ನೋಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ನಾಥ್ ಅವರ ತಂಡ, ಎಲೆಗೆ ಆಕಾರ ಹೇಗೆ ಬರುತ್ತದೆ ಎಂಬುದನ್ನು ಇದೇ ಗಿಡದಲ್ಲಿ ಹುಡುಕಿದೆ.

ನಮ್ಮ ರೈತರಿಗೆ ಇದರಿಂದೇನು ಅಂತೀರಾ? ತೊಗರಿ, ಸೋಯಾ ಬೀಜವನ್ನು ಮನೆಯಲ್ಲೇ ಎತ್ತಿಟ್ಟು ಮರುವರ್ಷ ಬಿತ್ತಬಹುದು. ಹೈಬ್ರಿಡ್ ಜೋಳ, ಸೂರ್ಯಕಾಂತಿ ಹಾಗಲ್ಲ. ಅವುಗಳ ಬೀಜ ಎತ್ತಿಟ್ಟು ಬಿತ್ತಿದರೆ ಗಿಡಗಳು ಒಂದೊಂದು ಥರ ಬಂದು ಇಳುವರಿ ಬೀಳುತ್ತೆ. ತಂದೆ ತಾಯಿಯ ಜೀನ್‌ಗಳು ಪ್ರತಿ ತಲೆಮಾರಿನಲ್ಲೂ ಮತ್ತೆ ಕಲಸಿಕೊಳ್ಳುವುದೇ ಕಾರಣ. ಹಾಗಾಗಿ ವರ್ಷವರ್ಷ ಅಂಗಡಿಗೆ ಹೋಗಲೇಬೇಕು.

ಈ ಕಲಸಾಟ ನಿಲ್ಲಿಸಬಹುದೇ? ಹುಮನಾಬಾದ್ ಮೇಲೆ ಹೋಗುವ ಹೈವೇ ಹಿಡಿದರೆ ಸಿಗುವ ಹೈದರಾಬಾದಿನಲ್ಲೇ ಇದಕ್ಕೆ ಉತ್ತರ ಶುರುವಾಯಿತು. ಅಲ್ಲಿನ ಸಿಸಿಎಂಬಿ ಸಂಸ್ಥೆಯ ಇಮ್ರಾನ್ ಸಿದ್ದಿಕಿ ಅವರ ತಂಡ 2008ರಲ್ಲಿ ಅರಾಬಿಡಾಪ್ಸಿಸ್‌ನ 'ಡಯಾಡ್' ಎಂಬ ಒಂದು ಜೀನ್ ಬದಲಾದರೆ, ಕೆಲವು ಅಂಡಾಣುಗಳಲ್ಲಿ ತಾಯಿಯ ಜೀನ್‌ಗಳು ಅರ್ಧವಾಗದೆ ಪೂರ್ತಿ ಉಳಿಯುತ್ತವೆ ಎಂದು ತೋರಿಸಿತು. 2011ರಲ್ಲಿ ಅವರೂ ವಿದೇಶಿ ಸಂಗಾತಿಗಳೂ ಸೇರಿ ತಾಯಿಯ ತದ್ರೂಪಿಯಂಥ ಬೀಜವನ್ನೇ ಪಡೆದರು. 2019ರ ಹೊತ್ತಿಗೆ ಇದೇ ದಾರಿ ಭತ್ತಕ್ಕೂ ಬಂತು.

ಮುಂದೆ ಇಂಥ ಹೈಬ್ರಿಡ್ ನಮ್ಮ ಹೊಲಕ್ಕೆ ಬಂದರೆ, ಬೀಜ ಎತ್ತಿಡುವ ಹಕ್ಕು ರೈತರ ಕೈಲಿರುತ್ತೋ ಪೇಟೆಂಟ್ ಇದ್ದವರ ಕೈಲಿರುತ್ತೋ? ಅದನ್ನು ಪ್ರಯೋಗಾಲಯ ಹೇಳಲಾರದು. ಈಗಿನಿಂದಲೇ ನಾವು ಕೇಳುತ್ತಿರಬೇಕಾದ ಪ್ರಶ್ನೆ ಅದು.