ಹರಿಯುವ ನೀರಿನಲ್ಲಿ ರಕ್ಷಣೆ: ಹಗ್ಗದ ಬಳಕೆ ಮತ್ತು ತರಬೇತಿ

2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರು ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯನ್ನು ಸುತ್ತುವರಿದಾಗ, ಜನರನ್ನು ಕರೆತರಲು ಹೋದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತು. ಸಿಬ್ಬಂದಿ ಬದುಕಿ ಬಂದರು. ತರಬೇತಿ ಪಡೆದವರಿಗೇ ಹೀಗಾದರೆ, ಈಜು ಬಲ್ಲೆನೆಂಬ ಧೈರ್ಯದಿಂದ ತುಂಬಿದ ಹಳ್ಳಕ್ಕಿಳಿಯುವ ಯುವಕನ ಪಾಡನ್ನು ಸದಸ್ಯರು ಊಹಿಸಬಹುದು.

ಕೆರೆಯ ಈಜು ಬೇರೆ, ಪ್ರವಾಹದ ಈಜು ಬೇರೆ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ; ರಭಸವಿದ್ದಲ್ಲಿ ಮೊಣಕಾಲುದ್ದದ ನೀರೂ ವಯಸ್ಕನನ್ನು ಕೆಡವಬಲ್ಲದು. ಆದುದರಿಂದ ತರಬೇತಿಯ ಮೊದಲ ಪಾಠ ನೀರಿಗಿಳಿಯದಿರುವುದು. ದಡದಿಂದಲೇ ಕೋಲು ಚಾಚಬೇಕು, ಎಟುಕದಿದ್ದರೆ ಹಗ್ಗ ಎಸೆಯಬೇಕು. ದೋಣಿ ಅನಂತರದ್ದು, ಈಜು ಕಟ್ಟಕಡೆಯದು.

ಹೆಚ್ಚಿನ ಅಪಾಯವಿರುವುದು ಹಗ್ಗವನ್ನು ಸೊಂಟಕ್ಕೆ ಗಂಟು ಹಾಕುವುದರಲ್ಲಿ. ದಡದವರು ಅದನ್ನು ಬಿಗಿಹಿಡಿದಾಗ ಹರಿವು ಆ ವ್ಯಕ್ತಿಯನ್ನು ನೀರಿನಡಿಗೆ ಅದುಮುತ್ತದೆ. ಒದ್ದೆ ಗಂಟು ಬಿಚ್ಚಲು ಬಾರದು. ಹಗ್ಗವನ್ನು ಸುತ್ತಿಕೊಳ್ಳದೆ ಕೈಯಲ್ಲಷ್ಟೇ ಹಿಡಿದು ಅಂಗಾತ ತೇಲಿದರೆ, ಹರಿವೇ ಆತನನ್ನು ಕೆಳಗಿನ ದಡಕ್ಕೆ ತೂಗಿ ತರುತ್ತದೆ. ನೀರಿನ ಮೇಲೆ ತೇಲುವ ಹಗ್ಗವೇ ಆಗಬೇಕು.

ಮಳೆಗಾಲಕ್ಕೆ ಮುನ್ನ ಇಂಥ ಹಗ್ಗ ಹಾಗೂ ಲೈಫ್ ಜಾಕೆಟ್‌ಗಳನ್ನು ಪಂಚಾಯಿತಿಯಲ್ಲಿ ಇರಿಸಿ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಠಾಣೆಯನ್ನು ಕೋರಿ ಹಳ್ಳದಂಚಿನ ಗ್ರಾಮಗಳ ಯುವಕರಿಗೆ ಅಭ್ಯಾಸ ಮಾಡಿಸುವುದು ಸೂಕ್ತ. ಘಟನೆ ನಡೆದೊಡನೆ 112ಕ್ಕೆ ಕರೆ ಮಾಡತಕ್ಕದ್ದು.