ನೋವಿಗೂ ಮೊದಲೇ ಕೈ ಹಿಂದಕ್ಕೆ!

ಲ್ಯಾಬ್‌ನಲ್ಲಿ ಬಿಸಿ ಸೋಲ್ಡರಿಂಗ್ ಐರನ್ ತಾಗಿದರೆ ನಾವು ಮೊದಲು ಕೈ ಎಳ್ಕೋತೀವಿ, ‘ಅಯ್ಯೋ’ ಅನ್ನೋದು ಆಮೇಲೆ. ಯಾಕಂದ್ರೆ ಈ ತೀರ್ಮಾನ ತಗೊಳ್ಳೋದು ಬೆನ್ನುಹುರಿ. ಮಿದುಳಿಗೆ ನೋವು ಗೊತ್ತಾಗುವಷ್ಟರಲ್ಲಿ ಕೈ ಹೊರಟಿರುತ್ತದೆ.

ಚರ್ಮದ ಸುದ್ದಿ ಬೆನ್ನುಹುರಿಯೊಳಗೇ ತಿರುಗಿ ಮೋಟಾರ್ ನ್ಯೂರಾನ್, ಅಂದರೆ ಚಾಲಕ ನರಕೋಶವನ್ನು ಮುಟ್ಟುತ್ತದೆ. ಅದರ ಉದ್ದನೆಯ ಎಳೆ ತೋಳಿನ ಬೈಸೆಪ್ಸ್‌ವರೆಗೂ ಚಾಚಿದೆ. ಎಳೆಯ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದಾಗ ಸ್ನಾಯು ಸಂಕುಚಿಸಿ ಮೊಣಕೈ ಮಡಚುತ್ತದೆ. ಅದೇ ಹೊತ್ತಿಗೆ ಎದುರಿನ ಟ್ರೈಸೆಪ್ಸ್‌ನ ಚಾಲಕ ನರಕೋಶಗಳನ್ನು ಬೆನ್ನುಹುರಿ ಸುಮ್ಮನಿರಿಸುತ್ತದೆ. ಇಲ್ಲದಿದ್ದರೆ ಎರಡೂ ಜಗ್ಗಾಡಿ ಕೈ ಅಲ್ಲೇ ನಿಂತುಬಿಡ್ತಿತ್ತು!

ನಾವಾಗಿಯೇ ಪೆನ್ನು ಹಿಡಿಯುವಾಗ ಅಪ್ಪಣೆ ಮಿದುಳಿನದು. ಆದರೆ ಅದೂ ಬೆನ್ನುಹುರಿಯಲ್ಲಿ ಇಳಿದು, ಇದೇ ಚಾಲಕ ನರಕೋಶಗಳ ಮೂಲಕವೇ ಸ್ನಾಯುವಿಗೆ ತಲುಪಬೇಕು. ಬೆನ್ನುಹುರಿ ತುಂಡಾದರೆ ಅಪ್ಪಣೆ ಅದರ ಕೆಳಗೆ ಹೋಗದು. ಕಡಿದ ಎಳೆಗಳು ಮತ್ತೆ ಬೆಳೆದು ಕೂಡುವುದೂ ಇಲ್ಲವೆನ್ನುವಷ್ಟು ಕಡಿಮೆ.

ಅದಕ್ಕೇ, ಬೈಕಿನಿಂದ ಬಿದ್ದವರನ್ನು ಗಾಬರಿಯಲ್ಲಿ ಎತ್ತಿ ಕೂರಿಸೋದು, ಹೆಲ್ಮೆಟ್ ಎಳೆಯೋದು ಬೇಡ. ಉಸಿರಾಟ ಸರಿಯಿದ್ದು, ಸುತ್ತ ಬೇರೆ ಅಪಾಯ ಇಲ್ಲದಿದ್ದರೆ ತಲೆ, ಕುತ್ತಿಗೆ ಅಲುಗದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡೋಣ.