ಗೋಸುಂಬೆಯ ಮರಿ

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿವೆ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ಬೋಳು ಬಂಡೆಗಳ ಗುಡ್ಡಗಳು, ದನಕುರಿಗಳು ಮೇಯುವ ವಿಶಾಲವಾದ ಕಾವಲುಗಳು, ಶೇಂಗಾ ಬೆಳೆಯುವ ಹೊಲಗಳು, ಹೊಲದ ಅಂಚಿನಲ್ಲಿ ಜಾಲಿ, ಕಳ್ಳಿ, ಕತ್ತಾಳೆ, ತಂಗಡಿಗಳ ಬೇಲಿಗಳು, ಇದು ಇಲ್ಲಿಯ ನೆಲದ ಸಾಮಾನ್ಯ ನೋಟ. ದಾರಿಹೋಕನಿಗೆ ಈ ಬೇಲಿಗಳು ಬರಿಯ ಮುಳ್ಳಿನ ರಾಶಿಯಾಗಿ ತೋರಬಹುದು. ಆದರೆ ಸಾವಧಾನವಾಗಿ ನೋಡುವವನಿಗೆ ಅಲ್ಲಿ ಒಂದು ತುಂಬು ಸಂಸಾರವೇ ಕಾಣುತ್ತದೆ. ಆ ಸಂಸಾರದ ಸದಸ್ಯರಲ್ಲಿ ಅತ್ಯಂತ ವಿಚಿತ್ರವಾದ ಪ್ರಾಣಿಯೆಂದರೆ ಗೋಸುಂಬೆ.

ಗೋಸುಂಬೆಗೆ ಊಸರವಳ್ಳಿ ಎಂಬ ಹೆಸರೂ ಉಂಟು. ಬೇಲಿಯ ಮೇಲೆ ತಲೆಯಾಡಿಸುತ್ತ, ಸದ್ದಾದೊಡನೆ ಸರ್ರನೆ ಓಡಿಹೋಗುವ ಓತಿಕೇತವನ್ನು ಅನೇಕರು ಗೋಸುಂಬೆಯೆಂದೇ ತಿಳಿಯುತ್ತಾರೆ. ಇವೆರಡೂ ಬೇರೆ ಬೇರೆ. ಓತಿಕೇತ ಚುರುಕಾದ ಪ್ರಾಣಿ. ಗೋಸುಂಬೆಯಾದರೋ ಒಂದು ಹೆಜ್ಜೆ ಇಡಲು ಹತ್ತು ಸಲ ಆಲೋಚಿಸುವಂತೆ ನಡೆಯುತ್ತದೆ. ಪ್ರಪಂಚದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿವೆ. ಅವುಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿಯೇ ವಾಸಿಸುತ್ತವೆ. ಭಾರತದಲ್ಲಿರುವುದು ಒಂದೇ ಜಾತಿ. ಪೂರ್ಣ ಬೆಳೆದಾಗ ಅದು ಬಾಲವೂ ಸೇರಿ ಒಂದು ಅಡಿಗಿಂತ ಉದ್ದವಾಗಿರಬಹುದು.

ಗೋಸುಂಬೆಯ ಶರೀರದ ಪ್ರತಿಯೊಂದು ಅಂಗವೂ ಗಿಡದ ಮೇಲಿನ ಬಾಳಿಗೆ ಹೊಂದಿಕೊಂಡಿದೆ. ಅದರ ಕಾಲ್ಬೆರಳುಗಳು ಎರಡು ಮತ್ತು ಮೂರರ ಗುಂಪುಗಳಾಗಿ ಕೂಡಿಕೊಂಡು ಇಕ್ಕಳದಂತೆ ರೆಂಬೆಯನ್ನು ಹಿಡಿಯುತ್ತವೆ. ಬಾಲವು ಐದನೆಯ ಕೈಯಂತೆ ಕೊಂಬೆಗೆ ಸುತ್ತಿಕೊಳ್ಳುತ್ತದೆ. ಕಣ್ಣುಗಳೆರಡೂ ಪ್ರತ್ಯೇಕವಾಗಿ ಹೊರಳಬಲ್ಲವು. ಒಂದು ಕಣ್ಣು ಮುಂದೆ ನೋಡುತ್ತಿರುವಾಗ ಇನ್ನೊಂದು ಹಿಂದಿನ ಶತ್ರುವನ್ನು ಗಮನಿಸುತ್ತಿರುತ್ತದೆ. ಬೇಟೆ ಕಂಡೊಡನೆ ಎರಡೂ ಕಣ್ಣುಗಳು ಅದರ ಮೇಲೆ ನೆಟ್ಟು, ದೂರವನ್ನು ಅಳೆಯುತ್ತವೆ. ಬಳಿಕ ನಾಲಗೆ ಬಾಣದಂತೆ ಚಿಮ್ಮುತ್ತದೆ. ನಾಲಗೆಯೊಳಗಿನ ಪದರಗಳು ಎಳೆದ ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿದ್ದು, ಒಮ್ಮೆಲೇ ಬಿಡುಗಡೆ ಮಾಡುವುದೇ ಈ ವೇಗಕ್ಕೆ ಕಾರಣ. ಬಾಲವನ್ನು ಬಿಟ್ಟು ದೇಹದ ಉದ್ದಕ್ಕಿಂತಲೂ ದೂರದಲ್ಲಿರುವ ಕೀಟವನ್ನು ಅದು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಕಾಲದಲ್ಲಿ ಮುಟ್ಟಬಲ್ಲದು. ನಾಲಗೆಯ ತುದಿಯ ಅಂಟು ಮನುಷ್ಯನ ಜೊಲ್ಲಿಗಿಂತ ಸುಮಾರು 400 ಪಟ್ಟು ಗಟ್ಟಿಯಾದುದೆಂದು ವಿಜ್ಞಾನಿಗಳು 2016ರಲ್ಲಿ ತಿಳಿಸಿದರು.

ಗೋಸುಂಬೆಯ ಬಣ್ಣವು ಗಾದೆಮಾತಿನಂತೆ ಜನರ ಬಾಯಲ್ಲಿದೆ. ಮಾತು ಬದಲಿಸುವವನನ್ನು ಊಸರವಳ್ಳಿಯೆಂದು ಹಳಿಯುವುದುಂಟು. ಇದು ಆ ಪ್ರಾಣಿಗೆ ಮಾಡುವ ಅನ್ಯಾಯವೇ ಸರಿ. ಅದು ಬಣ್ಣ ಬದಲಿಸುವುದು ಯಾರನ್ನಾದರೂ ವಂಚಿಸುವುದಕ್ಕಾಗಿ ಮಾತ್ರವೇ ಅಲ್ಲ. ಬೆಳಗಿನ ಚಳಿಯಲ್ಲಿ ಬಿಸಿಲನ್ನು ಹೀರಲು ಅದು ಕಪ್ಪಾಗುತ್ತದೆ. ಭಯ, ಕೋಪ, ಸಂಗಾತಿಯ ದರ್ಶನ ಇವುಗಳಿಂದಲೂ ಬಣ್ಣ ಬದಲಾಗುತ್ತದೆ. ಮಡಗಾಸ್ಕರಿನ ಒಂದು ಜಾತಿಯನ್ನು ಪರೀಕ್ಷಿಸಿದ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಇದರ ಗುಟ್ಟನ್ನು ವಿವರಿಸಿದರು. ಚರ್ಮದ ಕೆಲವು ಜೀವಕೋಶಗಳಲ್ಲಿ ಅತಿ ಸೂಕ್ಷ್ಮವಾದ ಹರಳುಗಳಿವೆ. ಅವುಗಳ ನಡುವಣ ಅಂತರ ಹೆಚ್ಚುಕಡಿಮೆಯಾದಂತೆ ಅವು ಪ್ರತಿಫಲಿಸುವ ಬೆಳಕಿನ ಬಣ್ಣವೂ ಬೇರೆಯಾಗುತ್ತದೆ. ಹೀಗೆ ಬಣ್ಣವೇ ಗೋಸುಂಬೆಯ ಭಾಷೆ. ಮನುಷ್ಯನ ಕೈಯಲ್ಲಿ ಸಿಕ್ಕ ಗೋಸುಂಬೆಯ ಮೈ ಕಪ್ಪೇರಿದರೆ, ಅದು ನೋಡುವವರ ವಿನೋದಕ್ಕಾಗಿ ಆಡಿದ ಆಟವಲ್ಲ; ಅದು ಭಯದ ಕೂಗು.

ಈ ಭಾಷೆಯನ್ನು ತಿಳಿಯದ ಕಾರಣ ಗೋಸುಂಬೆಗೆ ಎರಡು ಬಗೆಯ ಕೇಡು ಒದಗಿದೆ. ಅದು ಅಪಶಕುನವೆಂದೋ ವಿಷಜಂತುವೆಂದೋ ಭಾವಿಸಿ ಕೆಲವರು ಕಲ್ಲೆಸೆದು ಕೊಲ್ಲುತ್ತಾರೆ. ವಾಸ್ತವವಾಗಿ ಅದಕ್ಕೆ ವಿಷವಿಲ್ಲ. ಬೆದರಿದಾಗ ಬುಸುಗುಟ್ಟಿ ಬಾಯಿ ತೆರೆದು ಹೆದರಿಸುವುದಷ್ಟೇ ಅದರ ಉಪಾಯ. ಇನ್ನು ಕೆಲವರು ಅದರ ರೂಪಕ್ಕೆ ಮರುಳಾಗಿ, ಮರಿಯೊಂದು ಸಿಕ್ಕಿದರೆ ಮನೆಗೆ ತಂದು ಸಾಕಲು ಬಯಸುತ್ತಾರೆ. ಮೊದಲನೆಯವರದು ದ್ವೇಷ, ಎರಡನೆಯವರದು ಪ್ರೀತಿ. ಆದರೆ ಮರಿಯ ಪಾಲಿಗೆ ಎರಡರ ಫಲವೂ ಬಹುಮಟ್ಟಿಗೆ ಒಂದೇ. ಹೀಗೇಕೆ ಎಂಬುದನ್ನು ಅರಿಯಲು, ಬೆಳೆಯುವ ಮರಿಗೆ ಏನೇನು ಬೇಕೆಂಬುದನ್ನು ಮೊದಲು ತಿಳಿಯಬೇಕು.

ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಗೋಸುಂಬೆ ಗಿಡದಿಂದ ಕೆಳಗಿಳಿಯುತ್ತದೆ. ಮಣ್ಣಿನಲ್ಲಿ ಬಿಲ ತೋಡಿ, ಮೊಟ್ಟೆಗಳನ್ನಿಟ್ಟು, ಮತ್ತೆ ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ತಿಂಗಳುಗಟ್ಟಲೆ ನೆಲದ ಕಾವಿನಲ್ಲಿದ್ದು ಮರಿಗಳು ಹೊರಬರುತ್ತವೆ. ಅವುಗಳಿಗೆ ತಾಯಿಯ ಲಾಲನೆಯಿಲ್ಲ. ಹುಟ್ಟಿದ ಮರಿ ತಾನೇ ಗಿಡವೇರಿ, ತಾನೇ ಆಹಾರವನ್ನು ಹುಡುಕಬೇಕು.

ಮರಿಯ ಆಹಾರವು ಜೀವಂತ ಕೀಟಗಳು. ಅಲುಗಾಡುವ ಬೇಟೆಯನ್ನು ಕಂಡರೆ ಮಾತ್ರ ಅದರ ನಾಲಗೆ ಚಿಮ್ಮುವುದರಿಂದ, ಸತ್ತ ನೊಣವನ್ನು ಎದುರಿಗಿಟ್ಟರೆ ಅದು ಸಾಮಾನ್ಯವಾಗಿ ಕಣ್ಣೆತ್ತಿಯೂ ನೋಡದು. ಅನ್ನ, ಹಾಲು, ರೊಟ್ಟಿಯ ಚೂರು ಇವು ಅದಕ್ಕೆ ಆಹಾರವೇ ಅಲ್ಲ. ಮರಿಯ ಬಾಯಿ ಚಿಕ್ಕದಾದುದರಿಂದ ಕೀಟವೂ ಚಿಕ್ಕದಾಗಿರಬೇಕು. ಅದರ ತಲೆಯ ಅಗಲಕ್ಕಿಂತ ದೊಡ್ಡದಾದ ಕೀಟವನ್ನು ಕೊಡಬಾರದೆಂದು ಬಲ್ಲವರು ಹೇಳುತ್ತಾರೆ. ಹಣ್ಣಿನ ಮೇಲಾಡುವ ಸಣ್ಣ ನೊಣ, ಆಗತಾನೆ ಹುಟ್ಟಿದ ಚಿಮ್ಮಂಡೆ, ಮಿಡತೆಯ ಮರಿ, ಪುಟ್ಟ ಪತಂಗ ಇಂಥವು ತಕ್ಕ ಆಹಾರ. ಬೆಳೆದ ಗೋಸುಂಬೆ ಒಂದೆರಡು ದಿನ ಉಪವಾಸವಿದ್ದರೂ ತಾಳಿಕೊಳ್ಳಬಹುದು. ಮರಿಗಾದರೋ ದಿನಂಪ್ರತಿ ಹಲವು ಬಾರಿ ಆಹಾರ ಬೇಕು. ಒಂದೇ ಬಗೆಯ ಕೀಟವನ್ನು ತಿನ್ನುತ್ತಿದ್ದರೆ ಪೋಷಣೆ ಸಾಲದು. ಕೀಟವು ಯಾವ ಸೊಪ್ಪನ್ನು ತಿಂದಿದೆಯೋ ಅದರ ಸಾರವೂ ಮರಿಗೆ ದೊರೆಯುವುದರಿಂದ, ಹಸಿದ ಕೀಟಕ್ಕಿಂತ ಹೊಟ್ಟೆತುಂಬ ಮೇದ ಕೀಟವೇ ಮೇಲು.

ಆಹಾರವೊಂದೇ ಸಾಲದು. ಬೆಳೆಯುವ ಎಲುಬಿಗೆ ಸುಣ್ಣದ ಅಂಶ ಬೇಕು. ಅದು ಮೈಗೂಡಲು 'ಡಿ' ಜೀವಸತ್ವ ಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಈ ಜೀವಸತ್ವ ಉತ್ಪತ್ತಿಯಾಗುತ್ತದೆ. ಕಿಟಕಿಯ ಗಾಜು ಈ ಕಿರಣಗಳಲ್ಲಿ ಬಹುಭಾಗವನ್ನು ತಡೆದುಬಿಡುವುದರಿಂದ, ಗಾಜಿನ ಹಿಂದೆ ಬೆಳಕಿದ್ದರೂ ಪ್ರಯೋಜನವಿಲ್ಲ. ಬಿಸಿಲು ಕಾಣದ ಮರಿಯ ಎಲುಬುಗಳು ಮೆತ್ತಗಾಗಿ, ಕಾಲುಗಳು ಬಾಗಿ, ಕೊನೆಗೆ ರೆಂಬೆಯನ್ನು ಹಿಡಿಯುವ ಶಕ್ತಿಯೂ ಉಡುಗುತ್ತದೆ. ನಾಲಗೆಗೆ ಆಧಾರವಾದುದೂ ಒಂದು ಎಲುಬೇ ಆದುದರಿಂದ ಬೇಟೆಯಾಡುವ ಸಾಮರ್ಥ್ಯವೂ ಕುಂದಬಹುದು. ಮಡಗಾಸ್ಕರಿನ ಗೋಸುಂಬೆಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಸ್ವಾರಸ್ಯಕರವಾಗಿದೆ. ಆಹಾರದಲ್ಲಿ 'ಡಿ' ಜೀವಸತ್ವ ಕಡಿಮೆಯಾದಾಗ ಅವು ತಾವಾಗಿಯೇ ಹೆಚ್ಚು ಬಿಸಿಲು ಕಾಯಿಸಿಕೊಂಡವು. ಸಾಕಷ್ಟಿದ್ದಾಗ ನೆರಳಿಗೆ ಸರಿದವು. ಎಷ್ಟು ಬಿಸಿಲು ಬೇಕೆಂಬುದು ಸಾಕುವವನಿಗಿಂತ ಗೋಸುಂಬೆಗೇ ಚೆನ್ನಾಗಿ ತಿಳಿದಿದೆಯೆಂದಾಯಿತು.

ನೀರು ಕುಡಿಯುವ ರೀತಿಯೂ ವಿಶಿಷ್ಟವಾದುದು. ತಟ್ಟೆಯಲ್ಲಿ ನಿಂತ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲೆ ಹೊಳೆಯುವ ಇಬ್ಬನಿಯ ಹನಿ ಅಥವಾ ಮಳೆಯ ಹನಿಯನ್ನು ನೆಕ್ಕುತ್ತದೆ. ಎದುರಿಗೆ ಬಟ್ಟಲು ತುಂಬ ನೀರಿದ್ದರೂ ಬಾಯಾರಿ ಸಾಯುವ ಸ್ಥಿತಿ ಅದಕ್ಕೆ ಬರಬಹುದು.

ಗೋಸುಂಬೆ ಶೀತರಕ್ತದ ಪ್ರಾಣಿ. ಮುಂಜಾನೆ ಬಿಸಿಲಿನ ಕೊಂಬೆ, ಮಧ್ಯಾಹ್ನ ಎಲೆಗಳ ಮರೆ, ರಾತ್ರಿ ನಿದ್ರಿಸಲು ತೆಳುವಾದ ರೆಂಬೆಯ ತುದಿ, ಇವೆಲ್ಲವೂ ಅದಕ್ಕೆ ಬೇಕು. ಪದೇ ಪದೇ ಕೈಯಲ್ಲಿ ಹಿಡಿದರೆ ಅದು ಕಳವಳಗೊಂಡು ಆಹಾರವನ್ನೇ ತ್ಯಜಿಸುತ್ತದೆ. ಬೆಳೆದ ಗೋಸುಂಬೆಗಳನ್ನು ಒಂದೆಡೆ ಕೂಡಿದರೆ ಕಾದಾಡುತ್ತವೆ. ಹಾಗೆಂದು ಮರಿಯನ್ನು ಒಂಟಿಯಾಗಿ ಬೆಳೆಸುವುದೂ ಲೇಸಲ್ಲ. ಅರೇಬಿಯದ ಕಡೆಯ ಒಂದು ಜಾತಿಯ ಮರಿಗಳನ್ನು ಒಂಟಿಯಾಗಿ ಬೆಳೆಸಿದಾಗ ಅವು ಬೇಟೆಯಲ್ಲಿ ನಿಧಾನವಾಗಿಯೂ ಇತರ ಮರಿಗಳೆದುರು ಅಂಜುಬುರುಕವಾಗಿಯೂ ವರ್ತಿಸಿದವೆಂದು 2014ರ ಒಂದು ಅಧ್ಯಯನ ತೋರಿಸಿತು.

ಇಷ್ಟನ್ನೂ ಒದಗಿಸಲು ಪರದೇಶಗಳ ಪಳಗಿದ ಸಾಕಣೆಗಾರರು ವಿಶೇಷ ದೀಪಗಳನ್ನೂ ತುಂತುರು ಸುರಿಸುವ ಯಂತ್ರಗಳನ್ನೂ ಇಟ್ಟುಕೊಳ್ಳುತ್ತಾರೆ; ಕೀಟಗಳನ್ನು ಬೇರೆಯಾಗಿ ಬೆಳೆಸಿ, ಅವುಗಳಿಗೆ ಸುಣ್ಣದ ಪುಡಿಯನ್ನು ಸವರಿ ಕೊಡುತ್ತಾರೆ. ಅವರು ಸಾಕುವುದು ಬಹುಮಟ್ಟಿಗೆ ಪಂಜರದಲ್ಲಿಯೇ ಹುಟ್ಟಿ ಬೆಳೆದ ಬೇರೆ ಜಾತಿಗಳನ್ನು. ಅಷ್ಟಾದರೂ ಅನೇಕ ಮರಿಗಳು ಉಳಿಯುವುದಿಲ್ಲ. ಹೀಗಿರುವಾಗ ರಟ್ಟಿನ ಪೆಟ್ಟಿಗೆಯಲ್ಲಿಯೋ ದಾರ ಕಟ್ಟಿ ಕಿಟಕಿಯ ಸರಳಿನ ಮೇಲೆಯೋ ಇರಿಸಿದ ಮರಿಯ ಗತಿಯನ್ನು ಊಹಿಸುವುದು ಕಷ್ಟವಲ್ಲ. ಅದು ನಾಯಿಮರಿಯಂತೆ ಕುಂಯ್‌ಗುಡುವುದಿಲ್ಲ, ಕರುವಿನಂತೆ ಅಂಬಾ ಎನ್ನುವುದಿಲ್ಲ. ಕಣ್ಣುಗಳು ಒಳಗಿಳಿದು, ಮೈಬಣ್ಣ ಮಾಸಿ, ಕೆಲವು ದಿನಗಳಲ್ಲಿ ಸದ್ದಿಲ್ಲದೆ ಸಾಯುತ್ತದೆ. ಅದು ಸಾಯುತ್ತಿದೆಯೆಂಬುದೂ ಪ್ರೀತಿಯಿಂದ ತಂದವನಿಗೆ ತಿಳಿದಿರುವುದಿಲ್ಲ.

ಕಾನೂನು ಸಹ ಇದನ್ನು ನಿಷೇಧಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಗೋಸುಂಬೆಯನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು, ಮನೆಯಲ್ಲಿ ಇರಿಸಿಕೊಳ್ಳುವುದು ಶಿಕ್ಷಾರ್ಹವಾದ ಅಪರಾಧಗಳು. ಗಾಯಗೊಂಡ ಗೋಸುಂಬೆ ಕಂಡುಬಂದರೆ ಅರಣ್ಯ ಇಲಾಖೆಯವರಿಗೆ ತಿಳಿಸುವುದು ಸರಿಯಾದ ಮಾರ್ಗ.

ಹಾಗಾದರೆ ಮರಿಯನ್ನು ಆರೈಕೆ ಮಾಡುವ ಬಗೆಯೇ ಇಲ್ಲವೇ? ಖಂಡಿತವಾಗಿಯೂ ಇದೆ. ಮೇಲೆ ಹೇಳಿದ ಅಗತ್ಯಗಳನ್ನು ಮತ್ತೊಮ್ಮೆ ನೆನೆಯಬೇಕು: ಹಲವು ಬಗೆಯ ಪುಟ್ಟ ಕೀಟಗಳು, ಬಿಸಿಲು, ನೆರಳು, ಇಬ್ಬನಿ, ತೆಳುವಾದ ರೆಂಬೆಗಳು, ಮೊಟ್ಟೆಯಿಡಲು ಸಡಿಲವಾದ ಮಣ್ಣು. ಸಾವಿರಾರು ರೂಪಾಯಿ ವೆಚ್ಚಮಾಡಿದರೂ ಮನೆಯೊಳಗೆ ಪೂರ್ಣವಾಗಿ ದೊರಕದ ಇವೆಲ್ಲವೂ ಹೊಲದ ಬೇಲಿಯಲ್ಲಿ ಖರ್ಚಿಲ್ಲದೆ ಸಿದ್ಧವಾಗಿವೆ. ಆದುದರಿಂದ ಬೇಲಿಯನ್ನು ಕಾಪಾಡುವುದೇ ಮರಿಯನ್ನು ಸಾಕುವ ವಿಧಾನ. ಬೇಸಗೆಯಲ್ಲಿ ಬದುವಿನ ಪೊದೆಗಳಿಗೆ ಬೆಂಕಿಯಿಡದಿರುವುದು, ಹಸಿರು ಬೇಲಿಯನ್ನು ಬುಡಸಹಿತ ಕಿತ್ತುಹಾಕದಿರುವುದು, ಕೀಟನಾಶಕಗಳನ್ನು ಮಿತವಾಗಿ ಬಳಸುವುದು, ರಸ್ತೆಯನ್ನು ದಾಟುತ್ತಿರುವ ಗೋಸುಂಬೆ ಕಂಡಾಗ ವಾಹನವನ್ನು ನಿಧಾನಗೊಳಿಸುವುದು, ಇವು ಆ ಆರೈಕೆಯ ಭಾಗಗಳು. ಇದಕ್ಕೆ ಪ್ರತಿಯಾಗಿ ಗೋಸುಂಬೆ ಹೊಲದಂಚಿನ ಮಿಡತೆಗಳನ್ನೂ ಇತರ ಕೀಟಗಳನ್ನೂ ತಿಂದು, ಕೂಲಿ ಬೇಡದ ಕಾವಲುಗಾರನಂತೆ ರೈತನಿಗೆ ನೆರವಾಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳ ಪರಿಸರದಲ್ಲಿ ಅಶೋಕ ಚಕ್ರವರ್ತಿಯ ಬಂಡೆಗಲ್ಲು ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಈ ಶಾಸನಗಳು ತಂದೆತಾಯಿಗಳ ಸೇವೆ, ಸತ್ಯವಚನ, ಗುರುಗಳಲ್ಲಿ ಗೌರವ ಇವುಗಳ ಜೊತೆಗೇ ಪ್ರಾಣಿಗಳಲ್ಲಿ ದಯೆಯು ದೃಢವಾಗಿರಬೇಕೆಂದು ಬೋಧಿಸುತ್ತವೆ. ದಯೆ ದೃಢವಾಗಬೇಕಾದರೆ ಅದಕ್ಕೆ ತಿಳಿವಳಿಕೆಯ ಆಧಾರ ಬೇಕು. ಅರಿಯದ ಪ್ರೀತಿಯು ಮರಿಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುತ್ತದೆ. ಅರಿತ ಪ್ರೀತಿಯು ಎರಡು ಮಾರು ದೂರದಲ್ಲಿ ನಿಂತು, ಅದು ತನ್ನ ರೆಂಬೆಯ ಮೇಲೆ ತಾನೇ ಬೇಟೆಯಾಡುವುದನ್ನು ನೋಡಿ ಸಂತೋಷಪಡುತ್ತದೆ.